ಚುಚ್ಚುಮದ್ದಿನ ಮರುದಿನ

ಮಗಾ,

ಫೋನಿನಲ್ಲಿ ನೀನು ತೋರಿಸಿದ ಆ ಅಮೆರಿಕದ ಸಿಪಾಯಿಯ ವಿಡಿಯೋ ಬಗ್ಗೆ ನಿಮ್ಮಪ್ಪನ ಎದುರಿಗೆ ಮಾತು ಬೇಡ ಅಂತ ಅವತ್ತು ಸುಮ್ಮನಾದೆ. ಒರಗು ಕುರ್ಚಿ, ಕಣ್ಣಿಗೆ ಪಟ್ಟಿ, ಕಿವಿಗೆ ಸಣ್ಣಗೆ ಸಂಗೀತ, ತೋಳಿಗೆ ಡ್ರಿಪ್ಪು, ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತ ಒಬ್ಬ ಹೆಂಗಸು. ಯುದ್ಧದಿಂದ ಬಂದಮೇಲೆ ನಿದ್ದೆ ಕಳೆದುಕೊಂಡಿದ್ದವನು ಕೆಟಮಿನ್ ತಗೊಂಡು ಮತ್ತೆ ಮನುಷ್ಯನಾದೆ ಅಂತ ಹೇಳಿಕೊಂಡ. ‘ದೊಡ್ಡಪ್ಪ, ಇದು ನಮ್ ಕಡೆ ಸಿಗುತ್ತಾ?’ ಅಂತ ನೀನು ಕೇಳಿದೆ. ಸಿಗುತ್ತೆ ಕಣಪ್ಪ. ಬೆಂಗಳೂರಿನಲ್ಲಿ ಮನೋವೈದ್ಯರು ಕೊಡುತ್ತಾರೆ. ಆದರೆ ನೀನು ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ. ಎದುರಿಗೆ ಕೂರಿಸಿಕೊಂಡು ಹೇಳಿದರೆ ‘ಹೂಂ ದೊಡ್ಡಪ್ಪ’ ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಹದಿನೇಳು ವರ್ಷ ಸರ್ವಿಸ್ ಮುಗಿಸಿ ಪೆನ್ಷನ್ ಬಂದು ಬಿಡದಿಯ ಕಾರ್ಖಾನೆ ಗೇಟಿನಲ್ಲಿ ನಿಂತಿದ್ದೀಯ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿದೆ. ತೆಂಗಿನಕಲ್ಲು ಕಾಡಿನಿಂದ ಆನೆ ಇಳಿದ ರಾತ್ರಿ ಫಾರೆಸ್ಟಿನವರು ಪಟಾಕಿ ಹೊಡೆದರೆ ಊರವರು ಮಗ್ಗುಲು ಬದಲಿಸಿ ಮಲಗುತ್ತಾರೆ. ನೀನು ಹಜಾರದ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂತು ಬೆಳಗು ಮಾಡುತ್ತೀಯ. ಕಲ್ಲು ಕ್ವಾರಿಯಲ್ಲಿ ಬ್ಲಾಸ್ಟ್ ಆದರೆ ಉಣ್ಣುತ್ತಿದ್ದ ತಟ್ಟೆ ಅಲ್ಲೇ ಬಿಟ್ಟು ಏಳುತ್ತೀಯ. ಸೊಸೆ ನಿಮ್ಮ ದೊಡ್ಡಮ್ಮನ ಹತ್ತಿರ ಅಡುಗೆಮನೆಯಲ್ಲಿ ಹೇಳಿಕೊಂಡದ್ದು ನನ್ನ ಕಿವಿಗೂ ಬಿತ್ತು: ‘ಅಪ್ಪನ್ನ ಹಿಂದಿನಿಂದ ಬಂದು ಮುಟ್ಟಬೇಡಿ’ ಅಂತ ಮಕ್ಕಳಿಗೆ ಅವಳೇ ಪಾಠ ಮಾಡಿಟ್ಟಿದ್ದಾಳಂತೆ. ಆ ಮಾತು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ಕೆಟಮಿನ್ ನನಗೆ ಹೊಸದಲ್ಲ. ಲಖನೌದಲ್ಲಿ ಸೇನೆಯ ವೈದ್ಯಕೀಯ ದಳದ ಎಎಂಸಿ ಸೆಂಟರಿನಲ್ಲಿ ಟ್ರೇನಿಂಗ್ ಮುಗಿಸಿ ನರ್ಸಿಂಗ್ ಅಸಿಸ್ಟೆಂಟ್ ಆದವನು ನಾನು. ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಹೋದಾಗ ನಮ್ಮ ಫೀಲ್ಡ್ ಆಂಬುಲೆನ್ಸೂ ಹೋಗಿತ್ತು. ಮೈನ್ ತುಳಿದ ಹುಡುಗನನ್ನು ಸ್ಟ್ರೆಚರಿನಲ್ಲಿ ತಂದು ಮಲಗಿಸಿದರೆ ಆ ಟೆಂಟಿನಲ್ಲಿ ಮತ್ತು ಬರಿಸುವ ದೊಡ್ಡ ಯಂತ್ರ ಎಲ್ಲಿಂದ ಬರಬೇಕು? ಸಣ್ಣ ಬಾಟಲಿಯಿಂದ ಸಿರಿಂಜಿಗೆ ಎಳೆದು ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟರೆ ಒಂದೆರಡು ನಿಮಿಷದೊಳಗೆ ಅವನಿಗೆ ನೋವಿನ ಸುದ್ದಿಯೇ ಇಲ್ಲ. ನಿದ್ದೆ ಹೋದವರ ಹಾಗೆ ಕಣ್ಣು ಮುಚ್ಚುವುದೂ ಇಲ್ಲ. ರೆಪ್ಪೆ ತೆರೆದೇ ಇರುತ್ತೆ, ಕಣ್ಣುಗುಡ್ಡೆ ಎಡಕ್ಕೂ ಬಲಕ್ಕೂ ಸಣ್ಣಗೆ ಆಡುತ್ತಿರುತ್ತೆ, ಹೆಸರು ಹಿಡಿದು ಕೂಗಿದರೆ ಓಗೊಡುವುದಿಲ್ಲ. ಉಸಿರು ತಾನೇ ಆಡುತ್ತೆ. ಬಿಪಿ ಬೀಳುವ ಬದಲು ತುಸು ಏರುತ್ತೆ. ರಕ್ತ ಸುರಿದುಹೋದವನಿಗೆ ಅದೇ ದೊಡ್ಡ ಆಸರೆ. 1962ರಲ್ಲಿ ಪಾರ್ಕ್-ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನ ವಿಜ್ಞಾನಿ ತಯಾರಿಸಿದ ಮದ್ದು ಇದು. 1970ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿತು, ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಬಳಕೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಇವತ್ತಿಗೂ ಇದೆ. ಅಂದರೆ ಇದು ಕದ್ದುಮುಚ್ಚಿ ಮಾರುವ ಮಾಲೂ ಅಲ್ಲ, ಹಿಮಾಲಯದಿಂದ ಇಳಿದ ಸಂಜೀವಿನಿಯೂ ಅಲ್ಲ.

ನಮ್ಮ ಸರ್ಜನ್ ಮೇಜರ್ ಸಾಹೇಬರು ಒಂದು ವಿದ್ಯೆ ಕಲಿಸಿಕೊಟ್ಟಿದ್ದರು. ಮದ್ದು ಬಿಡುವ ಮುಂಚೆ ಹುಡುಗನ ಕೈ ಹಿಡಿದುಕೊಂಡು ಅವನ ಊರಿನ ವಿಚಾರ ಕೇಳಬೇಕು. ಎಚ್ಚರವಾಗುವಾಗ ಗದ್ದಲ ಮಾಡಬಾರದು, ಮುಖಕ್ಕೆ ಟಾರ್ಚು ಬಿಡಬಾರದು, ಕಾರಣವಿಲ್ಲದೆ ಮುಟ್ಟಬಾರದು. ಯಾಕೆಂದರೆ ಈ ಮತ್ತಿನಿಂದ ಕೆಲವರು ಕಿರುಚಿಕೊಂಡೇ ಏಳುತ್ತಾರೆ. ತಾನು ಸತ್ತುಹೋದೆ ಅಂತಲೋ, ಮೇಲೆ ನಿಂತು ತನ್ನ ಹೆಣವನ್ನೇ ನೋಡುತ್ತಿದ್ದೇನೆ ಅಂತಲೋ ಭ್ರಮೆ. ಕೊಡಗಿನ ಒಬ್ಬ ಹುಡುಗನನ್ನು ಮಾತಾಡಿಸುತ್ತಾ ಮಲಗಿಸಿದ್ದೆವು. ಅರ್ಧ ಎಚ್ಚರದಲ್ಲಿ ‘ಮಳೆ ಬಂತು, ಕಣದಲ್ಲಿ ಕಾಫಿ ಎತ್ತಿ’ ಅಂದ. ಪಕ್ಕದ ಹಾಸಿಗೆಯವನನ್ನು ಮಾತಾಡಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಅವನನ್ನು ನಾಲ್ಕು ಜನ ಅಮುಕಿ ಹಿಡಿಯಬೇಕಾಯಿತು. ಒಂದೇ ಬಾಟಲಿಯ ಮದ್ದು. ಒಳಗೆ ಹೋಗುವಾಗ ಮನಸ್ಸಿನಲ್ಲಿ ಏನಿತ್ತು, ಹೊರಗೆ ಬರುವಾಗ ಪಕ್ಕದಲ್ಲಿ ಯಾರಿದ್ದರು ಅನ್ನುವುದರಿಂದಲೇ ಇಷ್ಟು ವ್ಯತ್ಯಾಸ. ಈ ಮದ್ದಿನ ಸುತ್ತ ಮನೋಚಿಕಿತ್ಸೆ ಕಟ್ಟಿದವರು ಹಿಡಿದುಕೊಂಡದ್ದೂ ಇದನ್ನೇ.

ಖಿನ್ನತೆಗೆ ಇದು ಆಗಿಬರುತ್ತೆ ಅನ್ನುವುದು ಬಹಳ ತಡವಾಗಿ ಗೊತ್ತಾಯಿತು. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದವರು ಬೆರಳೆಣಿಕೆಯ ರೋಗಿಗಳಿಗೆ ಕೊಟ್ಟು ನೋಡಿದರು, 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಇನ್ನಷ್ಟು ಗಟ್ಟಿಯಾಗಿ ಪರೀಕ್ಷಿಸಿದರು. ಪ್ರಮಾಣ ತೀರಾ ಕಡಿಮೆ. ದೇಹದ ತೂಕದ ಒಂದು ಕಿಲೋಗೆ ಅರ್ಧ ಮಿಲಿಗ್ರಾಂನಂತೆ 40 ನಿಮಿಷ ಡ್ರಿಪ್ಪು. ಎಪ್ಪತ್ತು ಕಿಲೋ ತೂಗುವವನಿಗೆ 35 ಮಿಲಿಗ್ರಾಂ ಆಯಿತು. ಆಪರೇಷನ್ನಿಗೆ ಮತ್ತು ಬರಿಸಲು ನಾವು ಅದರ ಎರಡರಿಂದ ನಾಲ್ಕು ಪಟ್ಟು ಬಿಡುತ್ತಿದ್ದೆವು. ಮಾಮೂಲಿ ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ವಾರಗಟ್ಟಲೆ ಬೇಕು. ಇದು ಗಂಟೆಗಳಲ್ಲಿ ತೋರಿಸುತ್ತೆ, ಮರುದಿನದ ಹೊತ್ತಿಗೆ ಗುಣ ಎದ್ದು ಕಾಣುತ್ತೆ. ಮಾತ್ರೆಗಳು ಬಹುಪಾಲು ಸೆರೊಟೋನಿನ್ ದಾರಿ ಹಿಡಿದರೆ ಇದು ಮೆದುಳಿನಲ್ಲಿ ಗ್ಲುಟಮೇಟ್ ಅನ್ನುವ ರಾಸಾಯನಿಕದ ದಾರಿಯಲ್ಲಿ ಕೈಯಾಡಿಸುತ್ತೆ. ನರಕೋಶಗಳ ನಡುವೆ ಕಡಿದುಹೋದ ಕೊಂಡಿಗಳು ಆ ಹೊತ್ತಿನಲ್ಲಿ ಮತ್ತೆ ಬೆಳೆಯುತ್ತವೆ ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದಾರೆ. 2019ರಲ್ಲಿ ಇದರದೇ ತಮ್ಮನಾದ ಎಸ್‌ಕೆಟಮಿನ್ ಎಂಬ ಮೂಗಿನ ಸ್ಪ್ರೇಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳಿಗೂ ಬಂತು. ನಮ್ಮ ನಿಮ್ಹಾನ್ಸ್‌ನಲ್ಲಿ ಮನೋ ಔಷಧಿ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಚಿತ್ತರಂಜನ್ ಆಂಡ್ರಾಡೆಯವರು 2017ರಲ್ಲಿ ಖಿನ್ನತೆಗೆ ಕೆಟಮಿನ್ ಕೊಡುವ ವಿಚಾರವಾಗಿಯೇ ಸರಣಿ ಬರೆದರು. ಹೊಸೂರು ರಸ್ತೆಯಲ್ಲಿ ಕೂತು ಬರೆದದ್ದನ್ನು ಜಗತ್ತಿನ ವೈದ್ಯರು ಓದುತ್ತಾರೆ. ನಾವು ಮಾತ್ರ ಅಮೆರಿಕದ ವಿಡಿಯೋ ನೋಡಿ ಬೆರಗಾಗುತ್ತೇವೆ.

ಈಗ ಆ ವಿಡಿಯೋ ಹೇಳದೆ ಬಿಟ್ಟದ್ದಕ್ಕೆ ಬರುತ್ತೇನೆ. ಒಂದು ಡ್ರಿಪ್ಪಿನ ಗುಣ ಹೆಚ್ಚಿನವರಲ್ಲಿ ಒಂದೆರಡು ವಾರದೊಳಗೆ ಇಳಿದುಹೋಗುತ್ತೆ, ಎಷ್ಟೋ ಜನಕ್ಕೆ ಅಷ್ಟೂ ನಿಲ್ಲುವುದಿಲ್ಲ. ಅದಕ್ಕೇ ವಾರಕ್ಕೆ ಎರಡರಂತೆ ಕೆಲವು ವಾರ ಕೊಟ್ಟು ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗುತ್ತಾರೆ. ಮದ್ದು ಕೊಡುವುದು ಒಂದು ಬಿಡುವು ಅಷ್ಟೇ. ಎದೆಯ ಮೇಲಿನ ಚಪ್ಪಡಿ ನಾಲ್ಕಾರು ದಿನ ಪಕ್ಕಕ್ಕೆ ಸರಿಯುತ್ತೆ. ರಾಮನಗರದಲ್ಲಿ ನಿಮ್ಮ ಸೋದರಮಾವನ ನೂಲು ಬಿಚ್ಚಾಣಿಕೆ ಶೆಡ್ಡಿನಲ್ಲಿ ರಜೆ ಕಳೆದು ಬೆಳೆದವನು ನೀನು, ನೋಡಿದ್ದೀಯ: ಗೂಡನ್ನು ಕುದಿನೀರಿಗೆ ಹಾಕಿದಾಗ ಅಂಟು ಸಡಿಲವಾಗುತ್ತೆ, ಆ ಬಿಸಿಯಲ್ಲೇ ಕೈಯಾಡಿಸಿ ಎಳೆಯ ತುದಿ ಹಿಡಿಯಬೇಕು. ನೀರು ಆರಲು ಬಿಟ್ಟರೆ ಗೂಡು ಮತ್ತೆ ಬಿಗಿಯುತ್ತೆ. ಕೆಟಮಿನ್ ಮಾಡುವುದು ನೀರು ಕಾಯಿಸುವ ಕೆಲಸ. ತುದಿ ಹುಡುಕುವುದು ನೀನು ಮತ್ತು ನಿನ್ನ ಎದುರು ಕೂತ ಚಿಕಿತ್ಸಕರು. ಚುಚ್ಚುಮದ್ದಿನ ಮರುದಿನ ಬೆಳಿಗ್ಗೆ ನೀನು ಏನು ಮಾಡುತ್ತೀಯ, ಯಾರ ಹತ್ತಿರ ಕೂರುತ್ತೀಯ, ಯಾವ ಮಾತು ಎತ್ತುತ್ತೀಯ? ನೀನು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಇದು.

ಆ ವಿಡಿಯೋದಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದ ಹೆಂಗಸಿನ ಕೆಲಸವೂ ಇದೇ. ಮದ್ದಿಗೆ ಮುಂಚೆ ಹಲವು ಭೇಟಿ, ಮದ್ದಿನ ಹೊತ್ತಿನಲ್ಲಿ ಕಾವಲು, ಆಮೇಲೆ ವಾರಗಟ್ಟಲೆ ಮಾತು. ವಿಡಿಯೋದಲ್ಲಿ ಅವಳು ಬಂದದ್ದು ಎರಡು ಸೆಕೆಂಡು. ಡ್ರಿಪ್ಪು ಚೆನ್ನಾಗಿ ಕಾಣುತ್ತೆ, ಮಾತು ಕಾಣುವುದಿಲ್ಲವಲ್ಲ.

ಸೈನಿಕರ ಮೇಲೇ ಮಾಡಿದ ಒಂದು ದೊಡ್ಡ ಪ್ರಯೋಗದ ಫಲ 2022ರಲ್ಲಿ ಪ್ರಕಟವಾಯಿತು. ಯುದ್ಧದ ಆಘಾತ ಹೊತ್ತ 158 ಮಂದಿ ಮಾಜಿ ಹಾಗೂ ಹಾಲಿ ಸೈನಿಕರು. ಕೆಲವರಿಗೆ ಪೂರ್ತಿ ಪ್ರಮಾಣದ ಕೆಟಮಿನ್, ಕೆಲವರಿಗೆ ಕಡಿಮೆ, ಉಳಿದವರಿಗೆ ಮದ್ದೇ ಇಲ್ಲದ ಡ್ರಿಪ್ಪು. ನಾಲ್ಕು ವಾರದಲ್ಲಿ ಎಂಟು ಸಲ. ಪೂರ್ತಿ ಪ್ರಮಾಣ ತಗೊಂಡವರ ಖಿನ್ನತೆ ಬೇಗ ಇಳಿಯಿತು. ಆದರೆ ಬೆಚ್ಚಿಬೀಳುವುದು, ಕೆಟ್ಟ ಕನಸು, ಆ ಜಾಗ ನೆನಪಾದರೆ ಬೆವರುವುದು, ಅಂದರೆ ಪಿಟಿಎಸ್‌ಡಿಯ ಲಕ್ಷಣಗಳಿವೆಯಲ್ಲ, ಅವುಗಳ ಮಟ್ಟಿಗೆ ಮದ್ದು ಪಡೆದವರಿಗೂ ಬರೀ ಡ್ರಿಪ್ಪು ಪಡೆದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದಕ್ಕೂ ಮುಂಚೆ ನ್ಯೂಯಾರ್ಕಿನಲ್ಲಿ ನಡೆದ ಸಣ್ಣ ಪ್ರಯೋಗಗಳಲ್ಲಿ ಪಿಟಿಎಸ್‌ಡಿಗೂ ಗುಣ ಕಂಡಿತ್ತು. ಲೆಕ್ಕ ಇನ್ನೂ ಮುಗಿದಿಲ್ಲ. ಕೆಟಮಿನ್ ಜೊತೆಗೆ ಮಾತಿನ ಚಿಕಿತ್ಸೆ ಸೇರಿಸಿದರೆ ಎಷ್ಟು ಹೆಚ್ಚು ಲಾಭ ಅಂತ ಅಳೆಯುವ ದೊಡ್ಡ ಪ್ರಯೋಗಗಳೂ ಇನ್ನೂ ಕಡಿಮೆಯೇ. ಇದನ್ನೆಲ್ಲ ನಿನ್ನನ್ನು ಹಿಂಜರಿಸಲು ಹೇಳುತ್ತಿಲ್ಲ. ನಿನಗಿರುವುದು ಖಿನ್ನತೆಯೋ, ಆಘಾತವೋ, ಎರಡೂ ಹೆಣೆದುಕೊಂಡಿವೆಯೋ, ಅದರ ಮೇಲೆ ರಮ್ಮು ಸುರಿದಿದೆಯೋ ಅಂತ ಮೊದಲು ತಿಳಿಯಬೇಕು. ಅದನ್ನು ನೋಡುವುದಕ್ಕೆ ಡಾಕ್ಟರೇ ಬೇಕು, ಫೋನಿಗೆ ಆಗುವ ಕೆಲಸವಲ್ಲ.

ಸರದಿಯೂ ಒಂದಿದೆ. ಆಘಾತಕ್ಕೆ ಬಹುಕಾಲದಿಂದ ಗಟ್ಟಿಯಾಗಿ ನಿಂತಿರುವುದು ಮಾತಿನ ಚಿಕಿತ್ಸೆ. ಯಾವ ನೆನಪಿನಿಂದ ಓಡುತ್ತಿದ್ದೀಯೋ ಅದನ್ನೇ ಭದ್ರವಾದ ಕೋಣೆಯಲ್ಲಿ, ಗೊತ್ತಿರುವವರ ಎದುರು, ಮೊದಲಿನಿಂದ ಕೊನೆಯವರೆಗೆ ಹೇಳುವುದು, ಮತ್ತೆ ಹೇಳುವುದು, ಅದು ಹಳೆಯದು, ಇವತ್ತಿನದಲ್ಲ ಅಂತ ಮೈಗೆ ಅರ್ಥವಾಗುವ ತನಕ ಹೇಳುವುದು. ಕೇಳಲು ಸುಲಭ, ಮೊದಲ ವಾರಗಳಲ್ಲಿ ಪ್ರಾಣಕ್ಕೆ ಬರುತ್ತೆ. ಅರ್ಧಕ್ಕೆ ಬಿಡುವವರು ಬಿಡುವುದು ಅಲ್ಲೇ. ಇದರ ಜೊತೆಗೆ ಸರ್ಟ್ರಲಿನ್, ಪ್ಯಾರೊಕ್ಸಿಟಿನ್ ಥರದ ಮಾತ್ರೆ. ಸಾಕಷ್ಟು ದಿನ, ಸರಿಯಾದ ಪ್ರಮಾಣದಲ್ಲಿ ಇವನ್ನು ತಗೊಂಡೂ ಖಿನ್ನತೆ ಜಗ್ಗದಿದ್ದಾಗ ಕೆಟಮಿನ್ ಮಾತು ಬರುತ್ತೆ. ಹದಿನೈದು ದಿನ ಮಾತ್ರೆ ನುಂಗಿ ‘ಏನೂ ಆಗಲಿಲ್ಲ’ ಅಂತ ಎಸೆದವನು ಆ ಸಾಲಿಗೆ ಸೇರುವುದಿಲ್ಲ.

ಇನ್ನೊಂದು ಮಾತು, ಇದನ್ನು ಡಾಕ್ಟರೂ ಮರೆತಿರಬಹುದು. ನಿನ್ನ ಸರ್ವಿಸೆಲ್ಲ ಹಿಂದಿಯಲ್ಲಿ ಕಳೆದಿದೆ. ನಿನ್ನನ್ನು ಇನ್ನೂ ಬಿಡದ ಆ ರಾತ್ರಿ ವೈರ್‌ಲೆಸ್ಸಿನಲ್ಲಿ ಕೂಗಿದ್ದು ಹಿಂದಿಯಲ್ಲಿ, ಪಕ್ಕದಲ್ಲಿ ಬಿದ್ದವನು ಕೊನೆಗೆ ಆಡಿದ ಮಾತು ಹಿಂದಿಯಲ್ಲಿ. ಇಲ್ಲಿ ಬಂದು ಅದನ್ನು ಕನ್ನಡದಲ್ಲಿ ಹೇಳಲು ಹೋದರೆ ಬೇರೆ ಯಾರದೋ ಕಥೆ ಹೇಳಿದ ಹಾಗೆ ಆಗುತ್ತೆ; ಕಣ್ಣಲ್ಲಿ ನೀರು ಬರುವುದಿಲ್ಲ. ಎರಡೂ ಭಾಷೆ ಬರುವ ಚಿಕಿತ್ಸಕರು ಬೇಕು ಅಂತ ನಾಚಿಕೆಯಿಲ್ಲದೆ ಕೇಳು.

ಕುಡಿತದ ವಿಚಾರ. ಕ್ಯಾಂಟೀನ್ ಕಾರ್ಡಿನ ಕೋಟಾ ತಿಂಗಳು ತುಂಬುವ ಮುಂಚೆಯೇ ಮುಗಿಯುತ್ತಿದೆ ಅಂತ ನನಗೆ ಗೊತ್ತು, ನನ್ನ ಕೋಟಾದ ಮೇಲೂ ನಿನ್ನ ಕಣ್ಣು ಬಿದ್ದಾಗಲೇ ಗೊತ್ತಾಯಿತು. ರಷ್ಯಾದ ಲೆನಿನ್‌ಗ್ರಾಡಿನಲ್ಲಿ ಎವ್ಗೆನಿ ಕೃಪಿಟ್ಸ್ಕಿ ಎಂಬ ವೈದ್ಯರು 1985ರಿಂದಲೇ ಕುಡಿತ ಬಿಡಿಸಲು ಕೆಟಮಿನ್ ಬಳಸಿದವರು. 1997ರ ಅವರ ವರದಿಯ ಪ್ರಕಾರ ವರ್ಷ ಕಳೆದ ಮೇಲೂ ಮುಟ್ಟದೆ ಉಳಿದವರು ನೂರಕ್ಕೆ 66, ಮಾಮೂಲಿ ಚಿಕಿತ್ಸೆಯವರಲ್ಲಿ 24. ಇವತ್ತಿನ ಕಟ್ಟುನಿಟ್ಟಿಗೆ ಆ ಲೆಕ್ಕ ನಿಲ್ಲುವುದು ಕಷ್ಟ. ಆದರೆ ಅವರ ಕ್ರಮ ನೋಡು: ಮದ್ದು ಕೊಡುವ ಮುಂಚೆ ರೋಗಿಯನ್ನು ತಯಾರು ಮಾಡುತ್ತಿದ್ದರು, ಆದಮೇಲೆ ಒಟ್ಟಿಗೆ ಕೂರಿಸಿ ಕಂಡದ್ದನ್ನೆಲ್ಲ ಮಾತಾಡಿಸುತ್ತಿದ್ದರು. ಕುಡಿದು ಬಂದವನಿಗೆ ಮಾತ್ರ ಯಾವ ಡಾಕ್ಟರೂ ಇದನ್ನು ಕೊಡುವುದಿಲ್ಲ, ಕೊಡಲೂಬಾರದು.

‘ಬೆಂಗಳೂರಿನಲ್ಲಿ ಒಬ್ಬ ಹುಡುಗ ಪುಡಿ ತಂದುಕೊಡ್ತಾನಂತೆ’ ಅಂತ ನಿನ್ನ ಗೇಟಿನ ಜೊತೆಗಾರ ಹೇಳಿದ್ದನ್ನೂ ನೀನೇ ಹೇಳಿದೆ. ಅದರ ಹತ್ತಿರ ಸುಳಿಯಬೇಡ. ನಮ್ಮ ದೇಶದಲ್ಲಿ ಕೆಟಮಿನ್ ಷೆಡ್ಯೂಲ್ ಎಕ್ಸ್ ಔಷಧಿ, ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದೆ. ಚೀಟಿಯಿಲ್ಲದೆ ಜೇಬಿನಲ್ಲಿ ಸಿಕ್ಕರೆ ಜೈಲು. ಪೆನ್ಷನ್ ಬಂದ ಫೌಜಿ ಅಂತ ಯಾರೂ ಬಿಡುವುದಿಲ್ಲ. ಜೈಲಿಗಿಂತ ಕೆಟ್ಟದ್ದೂ ಇದೆ. ಚಟಕ್ಕೆ ಹಚ್ಚಿಕೊಂಡವರ ಮೂತ್ರಕೋಶ ಸುಟ್ಟ ಹಾಗಾಗಿ, ರಕ್ತ ಬೆರೆತ ಮೂತ್ರ ಹೋಗುತ್ತೆ, ಅರ್ಧ ಗಂಟೆಗೊಮ್ಮೆ ಎದ್ದು ಓಡಬೇಕಾಗುತ್ತೆ. ‘ಫ್ರೆಂಡ್ಸ್’ ಧಾರಾವಾಹಿಯ ನಟ ಮ್ಯಾಥ್ಯೂ ಪೆರ್ರಿ 2023ರ ಅಕ್ಟೋಬರಿನಲ್ಲಿ ತೀರಿಕೊಂಡದ್ದು ಇದೇ ಕೆಟಮಿನ್‌ನಿಂದ. ಅವನು ಖಿನ್ನತೆಗೆ ಅಂತ ಡಾಕ್ಟರ ಕೈಯಲ್ಲಿ ತಗೊಳ್ಳುತ್ತಿದ್ದವನು. ಅದು ಸಾಲದೆ ಹೊರಗಿನಿಂದ ತರಿಸಿಕೊಂಡ. ಮಾರಿದವರ ಜೊತೆಗೆ ಡಾಕ್ಟರುಗಳ ಮೇಲೂ ಕೇಸು ಬಿತ್ತು. ಹಣವಿದ್ದವರಿಗೆ ಮನೆ ಬಾಗಿಲಿಗೇ ಬಂದು ಚುಚ್ಚುವ ಡಾಕ್ಟರೂ ಸಿಗುತ್ತಾರೆ ಅನ್ನುವುದು ಆ ಕೇಸಿನಿಂದ ನಾನು ತಿಳಿದದ್ದು. ಡ್ರಿಪ್ಪು ಹಾಕುವ ಕೋಣೆಯಲ್ಲಿ ಬಿಪಿ ನೋಡುವ ಯಂತ್ರ, ಆಕ್ಸಿಜನ್, ಉಸಿರು ನಿಂತರೆ ಹಿಡಿಯಬಲ್ಲ ಒಬ್ಬರು ಇಲ್ಲದಿದ್ದರೆ ಎದ್ದು ಬಾ. ಎಷ್ಟು ಸಲ, ಯಾವಾಗ ನಿಲ್ಲಿಸುತ್ತೀರಿ ಅಂತ ಕೇಳಿದಾಗ ನೇರ ಉತ್ತರ ಬರದಿದ್ದರೂ ಎದ್ದು ಬಾ. ಬಿಪಿ ಮಾತ್ರೆ ನುಂಗುವವನು ನೀನು, ಇದು ಬಿಪಿ ಏರಿಸುವ ಮದ್ದು. ಆ ಚೀಟಿ ತೋರಿಸದೆ ತೋಳು ಚಾಚಬೇಡ.

ಇನ್ನು ಜನ ಏನಂತಾರೆ ಅನ್ನುವ ಭಯ. 1914ರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಹಡಗು ಹತ್ತಿ ಈಜಿಪ್ಟಿಗೆ ಹೋದರು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಗೆದ್ದರು. ಪ್ರತಿವರ್ಷ ಹಾರ ಹಾಕುತ್ತೇವೆ. ಅದೇ ಯುದ್ಧದ ನಡುವೆ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಇಂಗ್ಲಿಷ್ ವೈದ್ಯರು ಗಾಯವೇ ಇಲ್ಲದೆ ನಡುಗುವ ಸೈನಿಕರ ಬಗ್ಗೆ ಬರೆದು ಶೆಲ್ ಶಾಕ್ ಅನ್ನುವ ಹೆಸರನ್ನು ವೈದ್ಯಲೋಕಕ್ಕೆ ಮುಟ್ಟಿಸಿದರು. ಪಿಟಿಎಸ್‌ಡಿ ಅಂತ ಅಧಿಕೃತ ಪಟ್ಟಿ ಸೇರಲು 1980 ಬಂತು, ಅದಕ್ಕೂ ವಿಯೆಟ್ನಾಂ ಬೇಕಾಯಿತು. ನಾವು ಶ್ರೀಲಂಕಾದಿಂದ 1990ರಲ್ಲಿ ವಾಪಸು ಬಂದಾಗ ಊರಿನಲ್ಲಿ ಎಷ್ಟೋ ಜನಕ್ಕೆ ಅದು ಯುದ್ಧ ಅಂತಲೇ ಗೊತ್ತಿರಲಿಲ್ಲ. ಕನಕಪುರ ಕಡೆಯ ಒಬ್ಬ ನನ್ನ ಜೊತೆಗಾರನಿಗೆ ಗಾಳಿ ಸೋಕಿದೆ ಅಂತ ಅಮಾವಾಸ್ಯೆ ಅಮಾವಾಸ್ಯೆಗೆ ತಾಯತ ಕಟ್ಟಿಸಿದರು. ಕಬ್ಬಾಳಮ್ಮನ ಬೆಟ್ಟಕ್ಕೆ ನಡೆಸಿದರು, ಅದರಿಂದ ಅವನಿಗೆ ಸಮಾಧಾನವೂ ಸಿಗುತ್ತಿತ್ತು. ಮಾತ್ರೆಯನ್ನು ಮಾತ್ರ ಯಾರೂ ಕೊಡಿಸಲಿಲ್ಲ. ನೀನೂ ಕಬ್ಬಾಳಿಗೆ ಹೋಗು, ಹಣ್ಣುಕಾಯಿ ಮಾಡಿಸು. ಅಮ್ಮನವರು ಡಾಕ್ಟರ ಹತ್ತಿರ ಹೋಗಬೇಡ ಅಂದದ್ದು ಯಾರೂ ಕೇಳಿಲ್ಲ.

ಸರ್ವಿಸಿನಲ್ಲಿದ್ದಾಗ ನೀನು ಬಾಯಿ ಬಿಡಲಿಲ್ಲ ಯಾಕೆ ಅಂತ ನನಗೆ ಗೊತ್ತು. ಸೇನೆಯ ಆರೋಗ್ಯ ತಪಾಸಣೆಯ ಶೇಪ್ ಕೆಟಗರಿಯಲ್ಲಿ ಮೊದಲನೇ ಅಕ್ಷರವೇ ಎಸ್, ಮನಸ್ಸಿನದು. ಕಿವಿ ಕೆಟ್ಟರೆ ಅಯ್ಯೋ ಪಾಪ. ಎಸ್‌ನಲ್ಲಿ ಇಳಿದರೆ ಇಡೀ ಯೂನಿಟ್ಟಿಗೆ ಗೊತ್ತು, ಪ್ರಮೋಷನ್ನಿಗೆ ಕಲ್ಲು, ಕೈಯಿಂದ ವೆಪನ್ ದೂರ. ಎಂಐ ರೂಮಿಗೆ, ಅಂದರೆ ಯೂನಿಟ್ಟಿನ ದವಾಖಾನೆಗೆ, ಬಂದು ತಲೆನೋವು ಅಂತ ಬ್ರೂಫೆನ್ ಇಸ್ಕೊಂಡು ಹೋದ ಹುಡುಗರಲ್ಲಿ ಎಷ್ಟು ಜನದ್ದು ಬರೀ ತಲೆನೋವಾಗಿತ್ತು ಅಂತ ಈಗ ಯೋಚಿಸುತ್ತೇನೆ. ಆದರೆ ನೀನು ಪೆನ್ಷನ್ ಬಂದಾಯಿತು. ಇನ್ನು ಇಳಿಸುವುದಕ್ಕೆ ಯಾವ ಕೆಟಗರಿ ಇದೆ ನಿನಗೆ? 2017ರ ಮಾನಸಿಕ ಆರೋಗ್ಯ ಕಾಯ್ದೆ ನಿನ್ನ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಮುಂದೆ ಬುದ್ಧಿ ಸ್ಥಿಮಿತದಲ್ಲಿಲ್ಲದ ಹೊತ್ತು ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಿನ್ನ ಪರವಾಗಿ ಯಾರು ನಿಲ್ಲಬೇಕು ಅಂತ ಈಗಲೇ ಬರೆದಿಡುವ ಅವಕಾಶವೂ ಅದರಲ್ಲಿದೆ. ಸೊಸೆಯ ಹೆಸರು ಬರೆ.

ಇದನ್ನು ಮಾತ್ರ ತಡ ಮಾಡಬೇಡ. ಗಾರ್ಡ್ ಕೆಲಸಕ್ಕೆ ಅಂತ ಲೈಸೆನ್ಸ್ ಮಾಡಿಸಿದ ಡಬಲ್ ಬ್ಯಾರಲ್ ಬೀರುವಿನ ಪಕ್ಕದಲ್ಲಿದೆ. ಎಲೆಕ್ಷನ್ ಬಂದಾಗ ಸ್ಟೇಷನ್ನಿನಲ್ಲಿ ಡೆಪಾಸಿಟ್ ಇಡುತ್ತೀಯಲ್ಲ, ಈಗಲೂ ಇಡು. ಗೇಟಿನಲ್ಲಿ ಬಂದೂಕಿಲ್ಲದ ಪಾಳಿ ಕೇಳಿಕೊಂಡರೆ ಸಂಬಳ ಕಡಿಮೆಯಾಗಬಹುದು, ಆಗಲಿ. ನಡುರಾತ್ರಿಯಲ್ಲಿ ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಬಹಳ ಸಲ ಅದು ಬೆಳಗಿನವರೆಗೆ ನಿಲ್ಲುವುದಿಲ್ಲ, ಆದರೆ ಬಂದೂಕು ಆ ಹೊತ್ತಿನಲ್ಲಿ ಕೈಗೆ ಸಿಗಬಾರದು. ಆಗ 14416ಕ್ಕೆ ಫೋನು ಮಾಡು, ಟೆಲಿ ಮಾನಸ್. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ನಿಮ್ಹಾನ್ಸ್‌ನವರೇ ಅದರ ಬೆನ್ನಿಗಿದ್ದಾರೆ, ಹಗಲೂ ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಅದಕ್ಕೂ ಮುಂಚೆ ನನ್ನ ಬಾಗಿಲು ತಟ್ಟು. ಮುದುಕರಿಗೆ ಹೇಗೂ ನಿದ್ದೆ ಕಡಿಮೆ.

ಒಂದು ವೇಳೆ ಡಾಕ್ಟರು ಕೆಟಮಿನ್ನೇ ಸರಿ ಅಂದರು ಅಂತಿಟ್ಟುಕೋ. ಅವತ್ತು ಒಬ್ಬನೇ ಹೋಗಬೇಡ. ಸ್ಪ್ರೇಯಾದರೆ ಎರಡು ಗಂಟೆ ಅಲ್ಲೇ ಕೂರಿಸಿಕೊಳ್ಳುವುದು ಅದರ ನಿಯಮ. ಡ್ರಿಪ್ಪಾದರೂ ತಲೆ ತಿಳಿಯಾಗುವ ತನಕ ಏಳಬೇಡ. ಆ ನಲವತ್ತು ನಿಮಿಷದಲ್ಲಿ ಕೈಕಾಲು ನಿನ್ನದಲ್ಲ ಅನ್ನಿಸಬಹುದು, ಗೋಡೆ ಉಸಿರಾಡಿದ ಹಾಗೆ ಕಾಣಬಹುದು, ವಾಂತಿ ಬಂದ ಹಾಗಾಗಬಹುದು. ಹೆದರಿ ಸೂಜಿ ಕೀಳಬೇಡ, ಪಕ್ಕದಲ್ಲಿದ್ದವರಿಗೆ ಹೇಳು. ಬಳಿಕ ಒಂದು ರಾತ್ರಿ ಪೂರ್ತಿ ಮಲಗಿ ಏಳುವ ತನಕ ಗಾಡಿ ಮುಟ್ಟುವ ಹಾಗಿಲ್ಲ. ನಿನ್ನ ಬುಲೆಟ್ಟನ್ನು ಹೇಗೂ ಎಕ್ಸ್‌ಪ್ರೆಸ್‌ವೇ ಒಳಗೆ ಬಿಡುವುದಿಲ್ಲ, ಆದರೆ ಸರ್ವಿಸ್ ರಸ್ತೆಯಲ್ಲಿ ಬರುತ್ತೇನೆ ಅಂತಲೂ ಹಟ ಹಿಡಿಯಬೇಡ. ನಾನು ಬರುತ್ತೇನೆ, ಚನ್ನಪಟ್ಟಣಕ್ಕೆ ರೈಲಿನಲ್ಲಿ ವಾಪಸಾಗೋಣ. ಮರುದಿನ ಡ್ಯೂಟಿಗೆ ಹೋಗಬೇಡ. ಗದ್ದೆ ಕಡೆ ಒಂದು ಸುತ್ತು ಹಾಕು, ಸಂಜೆಯೊಳಗೆ ಚಿಕಿತ್ಸಕರ ಜೊತೆ ಮಾತಿಗೆ ಹೊತ್ತು ಗೊತ್ತು ಮಾಡಿಕೊಂಡಿರು. ಮನಸ್ಸು ಹಗುರಾಗಿದೆ ಅಂತ ಆ ಭೇಟಿ ತಪ್ಪಿಸುವುದೇ ಎಲ್ಲರೂ ಮಾಡುವ ಕೆಲಸ. ಹಗುರಾಗಿದ್ದಾಗಲೇ ಹೋಗಬೇಕು. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹಿಂದಿನಿಂದ ಮುಟ್ಟಿದರೆ ಅಪ್ಪ ಯಾಕೆ ಬೆಚ್ಚುತ್ತಾನೆ ಅಂತ ಅವರಿಗೆ ಅರ್ಥವಾಗುವಷ್ಟು ನೀನೇ ಹೇಳಲು ಸರಿಯಾದ ದಿನವೂ ಅದೇ.

ಇದೆಲ್ಲ ಮುಂದಿನ ಮಾತು. ಈಗ ಮಾಡಬೇಕಾದದ್ದು ಇಷ್ಟೇ. ಮನೋಚೈತನ್ಯ ಅನ್ನುವ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಚನ್ನಪಟ್ಟಣಕ್ಕೆ ಯಾವ ಮಂಗಳವಾರ, ಕನಕಪುರ, ಮಾಗಡಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ಕೇಳಿಕೊಳ್ಳುತ್ತೇನೆ. ಊರವರ ಕಣ್ಣು ತಪ್ಪಿಸಬೇಕು ಅಂತಿದ್ದರೆ ಮಾಗಡಿಗೇ ಹೋಗೋಣ, ಅಲ್ಲಿ ನಮ್ಮನ್ನು ಯಾರು ಬಲ್ಲರು? ಅವರು ನಿಮ್ಹಾನ್ಸ್‌ಗೆ ಬರೆದುಕೊಟ್ಟರೆ ಸರಿ, ಇಲ್ಲವೇ ಮಾಜಿ ಸೈನಿಕರ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿನಿಂದ ರೆಫರಲ್ ಮಾಡಿಸಿಕೊಳ್ಳಬಹುದು; 2003ರಿಂದ ಇರುವ ಯೋಜನೆ, ನಿನ್ನ ದುಡ್ಡೂ ಅದರಲ್ಲಿದೆ. ಡಿಸ್ಚಾರ್ಜ್ ಬುಕ್ಕು, ಇಸಿಎಚ್‌ಎಸ್ ಕಾರ್ಡು, ಬಿಪಿ ಮಾತ್ರೆಯ ಪಟ್ಟಿ, ಸರ್ವಿಸಿನಲ್ಲಿ ಆಸ್ಪತ್ರೆಗೆ ಹೋಗಿದ್ದ ಕಾಗದ ಒಂದು ಕವರಿನಲ್ಲಿ ಹಾಕಿಡು. ಡಾಕ್ಟರು ಎಷ್ಟು ಕುಡಿಯುತ್ತೀಯ ಅಂತ ಕೇಳೇ ಕೇಳುತ್ತಾರೆ. ಸೊಸೆಯ ಎದುರು ಹೇಳುವ ಲೆಕ್ಕ ಹೇಳಬೇಡ, ಕ್ಯಾಂಟೀನ್ ಕಾರ್ಡಿನ ಲೆಕ್ಕ ಹೇಳು. ನನ್ನ ಕೋಟಾದಿಂದ ಇಸ್ಕೊಂಡದ್ದನ್ನೂ ಸೇರಿಸಿ.

ನಿನ್ನ ದೊಡ್ಡಪ್ಪ